ಕ್ಯಾಮೆರಾ ವಿಮರ್ಶೆ ಮಾಡುವವರು ಡಬ್ಬಿಯಲ್ಲಿ ಬರುವ ಲೆನ್ಸನ್ನೇ ಹಾಕಿ ನೋಡಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಕ್ಯಾಮೆರಾ ವಿಮರ್ಶೆ ಬಂದಾಗ ನಾನು ಮೊದಲು ನೋಡುವುದು ಜೊತೆಗೆ ಹಾಕಿರುವ ಫೋಟೊಗಳನ್ನು. 'ಹವ್ಯಾಸಿಗಳಿಗೆ ಕೈಗೆಟುಕುವ ಡಿಎಸ್‌ಎಲ್‌ಆರ್' (ಒಳಗೆ ಕನ್ನಡಿ ಇದ್ದು, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಅಂತ ತಲೆಬರಹ ಇರುತ್ತದೆ. ಕೆಳಗೆ ಒಂದು ಹಕ್ಕಿ. ಒಂದೊಂದು ಗರಿಯನ್ನೂ ಎಣಿಸಬಹುದು, ಹಿನ್ನೆಲೆ ಪೂರ್ತಿ ಮಸುಕು. ಈ ಕ್ಯಾಮೆರಾ ಕೊಂಡರೆ ನಾನೂ ಹೀಗೇ ತೆಗೆಯಬಹುದು ಅಂತ ನೋಡಿದವರಿಗೆ ಅನಿಸುವುದು ಸಹಜ. ಆದರೆ ಡಬ್ಬಿಯಲ್ಲಿ ಬರುವ 18-55 ಎಂಎಂ ಜೂಮ್ ಲೆನ್ಸ್‌ನಲ್ಲಿ (ಕಿಟ್ ಲೆನ್ಸ್ ಅನ್ನುವುದು ಇದಕ್ಕೇ) ಅಂಥ ಫೋಟೊ ಸಿಗುವುದಿಲ್ಲ. ಅದಕ್ಕೆ ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಟೆಲಿ ಲೆನ್ಸ್ ಬೇಕು, ಒಳ್ಳೆಯ ಟೆಲಿ ಲೆನ್ಸ್ ಅಂದರೆ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಬೆಲೆಯನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಫೋಟೊ ಕೆಳಗೆ ಲೆನ್ಸ್ ಹೆಸರು ಮಾತ್ರ ಇರುವುದಿಲ್ಲ.

ಇದು ಸಣ್ಣ ವಿಷಯ ಅಲ್ಲ. ಕಡಿಮೆ ಬೆಲೆಯ ಕ್ಯಾಮೆರಾ ಕೊಳ್ಳುವವರಲ್ಲಿ ಹೆಚ್ಚಿನವರು ಮರುದಿನವೇ ಇನ್ನೊಂದು ಲೆನ್ಸ್ ಕೊಳ್ಳುವವರಲ್ಲ. ಡಬ್ಬಿ ಬಿಚ್ಚಿದಾಗ ಏನು ಸಿಕ್ಕಿತೋ ಅದರಲ್ಲೇ ವರ್ಷ ಎರಡು ವರ್ಷ ತೆಗೆಯುತ್ತಾರೆ. ಅಂದ ಮೇಲೆ ವಿಮರ್ಶೆ ಆಗಬೇಕಾದ್ದು ಬಾಡಿ ಒಂದರದ್ದಲ್ಲ. ಬಾಡಿ ಮತ್ತು ಆ ಕಿಟ್ ಲೆನ್ಸ್ ಸೇರಿದ ಒಂದು ಸೆಟ್‌ನದು. ದುಬಾರಿ ಲೆನ್ಸ್ ಹಾಕಿ ಅಗ್ಗದ ಬಾಡಿಯನ್ನು ಹೊಗಳಿದರೆ ಓದುಗರಿಗೆ ಏನು ಗೊತ್ತಾದ ಹಾಗಾಯಿತು, ಹೇಳಿ?

ಕಿಟ್ ಲೆನ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಗಲು ಬೆಳಕಿನಲ್ಲಿ, ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬಿಡುವ ರಂಧ್ರ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಎಫ್ 8ಕ್ಕೆ ಇಟ್ಟು ತೆಗೆದರೆ ಈಗಿನ 18-55 ಲೆನ್ಸ್‌ಗಳು ನಿಜಕ್ಕೂ ಚೆನ್ನಾಗಿವೆ. ಪ್ರವಾಸಕ್ಕೆ, ಭೂದೃಶ್ಯಕ್ಕೆ, ಗುಂಪು ಫೋಟೊಗೆ ಧಾರಾಳವಾಗಿ ಸಾಕು. ತೊಂದರೆ ಶುರುವಾಗುವುದು ರಾತ್ರಿ, ಮನೆಯೊಳಗೆ. ಅಲ್ಲೇ ತಾನೇ ಜನ ಜಾಸ್ತಿ ಫೋಟೊ ತೆಗೆಯುವುದು?

ಒಂದು ಸಾಮಾನ್ಯ ಕೋಣೆ ತೆಗೆದುಕೊಳ್ಳಿ. ರಾತ್ರಿ ದೀಪ ಹಾಕಿದೆ, ಕಣ್ಣಿಗೆ ಬೇಕಾದಷ್ಟು ಬೆಳಕಿದೆ ಅನಿಸುತ್ತದೆ. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ (ಚಿತ್ರ ಹಿಡಿಯುವ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200ಕ್ಕೆ ಏರಿಸಿದರೂ ಶಟರ್ ಸ್ಪೀಡ್ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು) ಸಿಗುವುದು ಸೆಕೆಂಡಿನ 1/60ರ ಆಸುಪಾಸು. ಸುಮ್ಮನೆ ಕೂತಿರುವ ಅಜ್ಜಿಯ ಫೋಟೊಗೆ ಅದು ಸಾಕು. ಓಡಾಡುವ ಮಗುವಿಗೆ ಏನೇನೂ ಸಾಲದು, ಅದಕ್ಕೆ 1/250 ಆದರೂ ಬೇಕು. ಅದೇ ಜಾಗದಲ್ಲಿ ಎಫ್ 1.8ರ ಲೆನ್ಸ್ ಹಾಕಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ 1600ಕ್ಕೆ ಇಳಿಸಿಯೂ 1/300ರ ಹತ್ತಿರ ಸ್ಪೀಡ್ ಸಿಗುತ್ತದೆ. ಬಾಡಿ ಅದೇ, ಸೆನ್ಸರ್ ಅದೇ, ಕೋಣೆಯೂ ಅದೇ. ಒಂದು ಫೋಟೊದಲ್ಲಿ ಮಗುವಿನ ಮುಖ ಕಲಸಿ ಹೋಗಿರುತ್ತದೆ, ಇನ್ನೊಂದರಲ್ಲಿ ರೆಪ್ಪೆಗೂದಲು ಕಾಣುತ್ತದೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನೂ ವಿಮರ್ಶೆಗಳು ಬಿಡಿಸಿ ಹೇಳುವುದಿಲ್ಲ. ಕಿಟ್ ಲೆನ್ಸ್ ಮೇಲೆ ವಿಆರ್ ಅಂತಲೋ ಐಎಸ್ ಅಂತಲೋ ಬರೆದಿರುತ್ತದೆ, ಕೈ ನಡುಕ ತಡೆಯುವ ವ್ಯವಸ್ಥೆಯ ಹೆಸರು ಅದು. ಇದಿದ್ದರೆ ಕಡಿಮೆ ಬೆಳಕಲ್ಲೂ ಶೇಕ್ ಆಗುವುದಿಲ್ಲ ಅಂತ ಮಾರುವವರು ಹೇಳುತ್ತಾರೆ. ಶೇಕ್ ಆಗದಿರುವುದು ನಿಮ್ಮ ಕೈ ಅಲುಗಿದ್ದಕ್ಕೆ ಮಾತ್ರ. ಎದುರಿಗಿರುವವರು ಅಲುಗಿದರೆ ಅದನ್ನು ಯಾವ ವಿಆರ್ ಕೂಡ ನಿಲ್ಲಿಸುವುದಿಲ್ಲ. ಗೋಡೆ, ಕಿಟಕಿ ಎಲ್ಲ ಸ್ಪಷ್ಟವಾಗಿದ್ದು ನಡುವೆ ಕುಣಿಯುವ ಹುಡುಗಿ ಮಾತ್ರ ಮಬ್ಬಾಗಿರುವ ಫೋಟೊ ಬಂದರೆ ಜನ ಕ್ಯಾಮೆರಾ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಇದನ್ನು ಎರಡು ಸಾಲಿನಲ್ಲಿ ಬರೆದರೂ ಎಷ್ಟೋ ಜನರಿಗೆ ಉಪಕಾರ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಬಾಡಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದು, ಉಳಿದ ಹಣದಲ್ಲಿ ಜೂಮ್ ಇಲ್ಲದ ಒಂದು ಪುಟ್ಟ ಲೆನ್ಸ್ ತೆಗೆದುಕೊಳ್ಳಿ ಅನ್ನುತ್ತೇನೆ. ಕ್ಯಾನನ್‌ನವರ 50 ಎಂಎಂ ಎಫ್ 1.8 ಎಸ್‌ಟಿಎಂ ಇದೆ, 2015ರಲ್ಲಿ ಬಂದಿದ್ದು. ನಿಕಾನ್‌ನವರ 35 ಎಂಎಂ ಎಫ್ 1.8 ಡಿಎಕ್ಸ್ ಇದೆ, 2009ರದು. ಎರಡೂ ಆಯಾ ಕಂಪನಿಯ ಅಗ್ಗದ ಲೆನ್ಸ್‌ಗಳ ಸಾಲಿನವು. ಅಗ್ಗದ ಬಾಡಿಗಳ ಸೆನ್ಸರ್ ಫಿಲ್ಮ್‌ಗಿಂತ ಚಿಕ್ಕದು, ಹಾಗಾಗಿ ಕ್ಯಾನನ್‌ನಲ್ಲಿ 50 ಎಂಎಂ ಅಂದರೆ ಫಿಲ್ಮ್ ಕಾಲದ 80 ಎಂಎಂನಷ್ಟು ಹತ್ತಿರ ಕಾಣುತ್ತದೆ, ಮುಖದ ಫೋಟೊಗೆ ಹೇಳಿ ಮಾಡಿಸಿದ್ದು. ನಿಕಾನ್‌ನ 35 ಎಂಎಂ ಸುಮಾರು 52ರಷ್ಟಾಗುತ್ತದೆ, ಮನೆಯೊಳಗೆ ಓಡಾಡಿಕೊಂಡು ತೆಗೆಯಲು ಅದೇ ಸರಿ. ಹತ್ತಿರ ಬೇಕೆಂದರೆ ನಾವೇ ಎರಡು ಹೆಜ್ಜೆ ಮುಂದೆ ಹೋಗಬೇಕು, ಅಷ್ಟೇ.

ಆದರೆ ಲೆನ್ಸ್ ಕೊಳ್ಳುವ ಮುಂಚೆ ನಿಮ್ಮ ಬಾಡಿಯ ಜೊತೆ ಅದು ಹೊಂದುತ್ತದಾ ಅಂತ ನೋಡಲೇಬೇಕು. ನಿಕಾನ್‌ನ ಎಫ್ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಜೋಡಣೆ) 1959ರಿಂದ ಇದೆ, ಹಳೆಯ ಲೆನ್ಸ್ ಬೇಕಾದಷ್ಟು ಸಿಗುತ್ತವೆ, ನಿಜ. ಆದರೆ ಡಿ3500, ಡಿ5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಎಂಎಂ ಎಫ್ 1.8 ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅದು ಕೂರುತ್ತದೆ, ಆದರೆ ಆಟೊಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಿಕೊಳ್ಳಬೇಕು. ಇದಕ್ಕೆ ಉಲ್ಟಾ ಕೂಡ ಇದೆ. ಹೊಸ ಬಗೆಯ ಮೋಟಾರ್ ಇರುವ ಎಎಫ್-ಪಿ ಕಿಟ್ ಲೆನ್ಸನ್ನು ಡಿ90ರಂಥ ಹಳೆಯ ಬಾಡಿಯಲ್ಲಿ ಹಾಕಿದರೆ ಫೋಕಸ್ಸೇ ಮಾಡಲಾಗದು. ಕ್ಯಾನನ್‌ನಲ್ಲಿ ಈ ತಲೆನೋವು ಕಡಿಮೆ. ಇಎಫ್ ಲೆನ್ಸ್‌ಗಳಲ್ಲಿ 1987ರ ಮೊದಲ ದಿನದಿಂದಲೂ ಮೋಟಾರ್ ಲೆನ್ಸ್ ಒಳಗೇ ಇದೆ. ಮೊದಲ ಕ್ಯಾಮೆರಾ ಕೊಳ್ಳುವವರಿಗೆ ಮೆಗಾಪಿಕ್ಸೆಲ್‌ಗಿಂತ ಮೊದಲು ತಿಳಿಯಬೇಕಾದ ವಿಷಯ ಇದು.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯ ಹವ್ಯಾಸಿಯ ಕೈಗೆ ಡಿಎಸ್‌ಎಲ್‌ಆರ್ ಬರುವ ಹಾಗೆ ಮಾಡಿದ ಕ್ಯಾನನ್ 300ಡಿ, 2003ರಲ್ಲಿ, 6 ಮೆಗಾಪಿಕ್ಸೆಲ್‌ನದು. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಅದರಿಂದಲೂ 10 ಇಂಚು ಅಗಲದ ಪ್ರಿಂಟ್ ತೆಗೆಯಬಹುದಿತ್ತು. ಈಗಿನ 24 ಮೆಗಾಪಿಕ್ಸೆಲ್‌ನಲ್ಲಿ 20 ಇಂಚು. ನಾಲ್ಕು ಪಟ್ಟು ಮೆಗಾಪಿಕ್ಸೆಲ್ ಆದರೆ ಅಗಲ ಎರಡೇ ಪಟ್ಟು. ನಮ್ಮಲ್ಲಿ ಎಷ್ಟು ಜನ 20 ಇಂಚಿನ ಪ್ರಿಂಟ್ ಹಾಕಿಸುತ್ತಾರೆ? ಈ ದರ್ಜೆಯ ಎಲ್ಲ ಕ್ಯಾಮೆರಾಗಳಲ್ಲೂ ಸಾಕಷ್ಟಿದೆ, ಮುಂದೆ ಹೋಗೋಣ.

ನಾನು ನಿಜಕ್ಕೂ ತಕರಾರು ತೆಗೆಯುವುದು ವ್ಯೂಫೈಂಡರ್, ಅಂದರೆ ಕಣ್ಣಿಡುವ ಕಿಂಡಿಯ ವಿಷಯದಲ್ಲಿ. ಡಿಎಸ್‌ಎಲ್‌ಆರ್ ಕೊಳ್ಳುವುದೇ ಅದಕ್ಕೆ ಕಣ್ಣಿಟ್ಟು ನೋಡಲು, ಅಲ್ವಾ? ಪರದೆಯಲ್ಲಿ ನೋಡಿ ತೆಗೆಯುವುದಾದರೆ ಕನ್ನಡಿ ಏಕೆ ಬೇಕು? ಅಗ್ಗದ ಬಾಡಿಗಳಲ್ಲಿ ಚಿತ್ರವನ್ನು ಕಣ್ಣಿಗೆ ತಲುಪಿಸಲು ಗಾಜಿನ ಪೆಂಟಾಪ್ರಿಸಂ ಬದಲು ಕನ್ನಡಿ ತುಂಡುಗಳನ್ನು ಜೋಡಿಸಿದ ಪೆಂಟಾಮಿರರ್ ಇರುತ್ತದೆ. ಹಗುರ, ಅಗ್ಗ, ಆದರೆ ನೋಟ ಮಂಕು. 'ಶೇ 95 ಕವರೇಜ್' ಅಂತ ವಿಮರ್ಶೆಯಲ್ಲಿ ಒಂದು ಸಾಲು ಬರುತ್ತದೆ, ಓದಿದವರು ಬರೀ 5 ಕಡಿಮೆ ತಾನೇ ಅಂದುಕೊಳ್ಳುತ್ತಾರೆ. ಅದು ಅಗಲದಲ್ಲೂ 95, ಎತ್ತರದಲ್ಲೂ 95. ಗುಣಿಸಿ ನೋಡಿದರೆ ಫೋಟೊದ ಸುಮಾರು ಶೇ 10 ಭಾಗ ತೆಗೆಯುವಾಗ ಕಾಣುವುದೇ ಇಲ್ಲ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ಅಂಚಿನಲ್ಲಿ ಯಾರದೋ ಮೊಣಕೈ, ವಿದ್ಯುತ್ ತಂತಿ, ಕಸದ ಡಬ್ಬಿ ಎಲ್ಲ ಬಂದು ಕೂತಿರುತ್ತವೆ.

ವ್ಯೂಫೈಂಡರ್‌ನಲ್ಲಿ ಚಿತ್ರ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಲೆಕ್ಕವೂ ಹಾಗೇ. ನಿಕಾನ್ ಡಿ3500ಕ್ಕೆ 0.85, ಕ್ಯಾನನ್ 1500ಡಿಗೆ 0.80 ಅಂತ ಬರೆದಿರುತ್ತಾರೆ. ಫುಲ್‌ಫ್ರೇಮ್ ಕ್ಯಾಮೆರಾದ (ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್ ಇರುವುದರ) 0.7ಕ್ಕಿಂತ ಇದೇ ಜಾಸ್ತಿ ಅನಿಸುತ್ತದೆ. ಆದರೆ ಇವೆರಡನ್ನೂ ಹಾಗೇ ಹೋಲಿಸಬಾರದು. ಸೆನ್ಸರ್ ಅಷ್ಟು ಪಟ್ಟು ಚಿಕ್ಕದಾದ್ದರಿಂದ ನಿಕಾನ್‌ನದನ್ನು 1.5ರಿಂದ, ಕ್ಯಾನನ್‌ನದನ್ನು 1.6ರಿಂದ ಭಾಗಿಸಬೇಕು. ಆಗ ಸಿಗುವುದು 0.57 ಮತ್ತು 0.50. ಕಣ್ಣಿಟ್ಟು ನೋಡಿದರೆ ಸುರಂಗದ ಆ ತುದಿಯಲ್ಲಿ ಚಿತ್ರ ಕಂಡ ಹಾಗೆ ಕಾಣುವುದು ಇದಕ್ಕೇ. ಅದರಲ್ಲಿ ಫೋಕಸ್ ಸರಿಯಾಗಿದೆಯಾ ಅಂತ ಕಣ್ಣಲ್ಲೇ ಹೇಳುವುದು ಕಷ್ಟ. ವಿಮರ್ಶಕರು ಕಂಪನಿಯ ಅಂಕಿಯನ್ನು ಹಾಗೇ ಇಳಿಸುವ ಬದಲು ಈ ಒಂದು ಭಾಗಾಕಾರ ಮಾಡಿ ಕೊಡಲಿ.

ಕಡಿಮೆ ಬೆಲೆ ಅಂದರೆ ಇಷ್ಟೇ ಸಿಗುವುದು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಪೆಂಟಾಕ್ಸ್ ಕೆ-70 ನೋಡಿ, 2016ರದು. ಗಾಜಿನ ಪ್ರಿಸಂ, ಶೇ 100 ನೋಟ, ಎರಡು ಡಯಲ್, ಮಳೆ ಹನಿ, ಧೂಳು ತಡೆಯುವ ಬಾಡಿ, ಶೇಕ್ ತಡೆಯುವ ವ್ಯವಸ್ಥೆ ಬಾಡಿಯೊಳಗೇ. ಹಾಗಾಗಿ ಹಳೆಯ ಲೆನ್ಸ್ ಹಾಕಿದರೂ ಕೈ ನಡುಕ ತಡೆಯುತ್ತದೆ. ಅದೂ ಹವ್ಯಾಸಿಗಳಿಗೆಂದೇ ಮಾಡಿದ್ದು. ಲೆನ್ಸ್‌ಗಳ ಆಯ್ಕೆ ಕಡಿಮೆ, ಓಡುವುದರ ಮೇಲೆ ಫೋಕಸ್ ಹಿಡಿಯುವುದರಲ್ಲಿ ಉಳಿದಿಬ್ಬರಷ್ಟು ಚುರುಕಲ್ಲ, ನಿಜ. ಆದರೆ ಕಂಪನಿ ಮನಸ್ಸು ಮಾಡಿದರೆ ಏನೇನು ಕೊಡಬಹುದು ಅನ್ನುವುದಕ್ಕೆ ಅದು ಕಣ್ಣೆದುರಿಗಿದೆ.

ಡಯಲ್ ಅಂದೆ. ಅದರ ಬೆಲೆ ಅಂಗಡಿಯಲ್ಲಿ ನಿಂತಾಗ ಗೊತ್ತಾಗುವುದಿಲ್ಲ. ಡಿ3500ರಂಥ ಬಾಡಿಯಲ್ಲಿ ಡಯಲ್ ಒಂದೇ, ಹೆಬ್ಬೆರಳಿನ ಹತ್ತಿರ. ಮ್ಯಾನ್ಯುಯಲ್ ಮೋಡ್‌ನಲ್ಲಿ ಅದನ್ನು ತಿರುಗಿಸಿದರೆ ಶಟರ್ ಸ್ಪೀಡ್ ಬದಲಾಗುತ್ತದೆ. ಅಪರ್ಚರ್ ಬದಲಿಸಬೇಕಾದರೆ ಶಟರ್ ಬಟನ್ ಹಿಂದಿರುವ ಚಿಕ್ಕ ಪ್ಲಸ್-ಮೈನಸ್ ಗುಂಡಿಯನ್ನು ತೋರುಬೆರಳಲ್ಲಿ ಒತ್ತಿ ಹಿಡಿದುಕೊಂಡು ಡಯಲ್ ತಿರುಗಿಸಬೇಕು. ಅಂದರೆ ಅಷ್ಟು ಹೊತ್ತು ತೋರುಬೆರಳು ಶಟರ್ ಮೇಲೆ ಇಲ್ಲ. ಅರ್ಧ ಒತ್ತಿ ಹಿಡಿದಿದ್ದ ಫೋಕಸ್ ಬಿಟ್ಟು ಹೋಗುತ್ತದೆ. ಗುಂಡಿ ಬಿಟ್ಟು, ಬೆರಳು ಮತ್ತೆ ಮುಂದಕ್ಕೆ ತಂದು, ಮತ್ತೆ ಅರ್ಧ ಒತ್ತಿ, ಫೋಕಸ್ ಹಿಡಿದು ಒತ್ತುವಷ್ಟರಲ್ಲಿ ವೇದಿಕೆಯ ಮೇಲಿದ್ದವರು ಬೆನ್ನು ತಿರುಗಿಸಿರುತ್ತಾರೆ. ಎರಡು ಡಯಲ್ ಇರುವ ಬಾಡಿಯಲ್ಲಿ ತೋರುಬೆರಳಿಗೆ ಒಂದು, ಹೆಬ್ಬೆರಳಿಗೆ ಒಂದು. ಕಣ್ಣು ತೆಗೆಯದೆ ಎರಡನ್ನೂ ಬದಲಿಸಬಹುದು. ಆಟೊ ಮೋಡ್ ಬಿಟ್ಟು ಕಲಿಯಬೇಕು ಅನ್ನುವವರಿಗೆ ಈ ಎರಡನೇ ಡಯಲ್‌ಗಿಂತ ಒಳ್ಳೆಯ ಮೇಷ್ಟ್ರು ಇಲ್ಲ, ಯಾಕೆಂದರೆ ಬೆರಳಿಗೆ ಸುಲಭವಾಗಿ ಸಿಕ್ಕಿದ್ದನ್ನೇ ಮನುಷ್ಯ ಬಳಸುವುದು, ಮೆನುವಿನೊಳಗೆ ಹೋಗಿ ಹುಡುಕಬೇಕಾದ್ದನ್ನು ಮೊದಲ ತಿಂಗಳಲ್ಲೇ ಬಿಟ್ಟುಬಿಡುತ್ತಾನೆ.

ಫೋಕಸ್ ಪಾಯಿಂಟ್‌ಗಳದ್ದೂ, ಅಂದರೆ ಚೌಕಟ್ಟಿನಲ್ಲಿ ಕ್ಯಾಮೆರಾ ಫೋಕಸ್ ಹಿಡಿಯಬಲ್ಲ ಜಾಗಗಳದ್ದೂ ಒಂದು ಮಾತು. ಡಿ3500ರಲ್ಲಿ 11, 1500ಡಿಯಲ್ಲಿ 9. ಎರಡರಲ್ಲೂ ನಡುವಿನದು ಒಂದೇ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆ ಉದ್ದ ಗೆರೆ ಎರಡನ್ನೂ ಹಿಡಿಯುವಂಥದ್ದು. ಮಂದ ಬೆಳಕಲ್ಲಿ ಅಕ್ಕಪಕ್ಕದ ಪಾಯಿಂಟ್ ಇಟ್ಟರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತಲೇ ಇರುತ್ತದೆ. ಕ್ಯಾನನ್ 80ಡಿಯಲ್ಲಿ 45 ಪಾಯಿಂಟ್ ಇವೆ, 45ನ್ನೂ ಕ್ರಾಸ್ ಟೈಪ್ ಆಗಿ ಮಾಡಿದ್ದಾರೆ. ಎಣಿಕೆಗಿಂತ ಈ ವ್ಯತ್ಯಾಸ ದೊಡ್ಡದು. ಅಗ್ಗದ ಬಾಡಿ ಇರುವವರು ನಡುವಿನ ಪಾಯಿಂಟ್‌ನಲ್ಲೇ ಫೋಕಸ್ ಹಿಡಿದು, ಬಟನ್ ಬಿಡದೆ ಚೌಕಟ್ಟು ಸರಿ ಮಾಡಿಕೊಂಡು ತೆಗೆದರೆ ಎಷ್ಟೋ ಫೋಟೊ ಉಳಿಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಪುಟ್ಟ ಬಾಡಿಗಳ ಒಳ್ಳೆಯ ಗುಣವನ್ನೂ ಹೇಳದಿದ್ದರೆ ಅನ್ಯಾಯ. ಡಿ3500 ಬ್ಯಾಟರಿ ಸೇರಿ 415 ಗ್ರಾಂ. ದಿನವಿಡೀ ಕತ್ತಿಗೆ ಹಾಕಿಕೊಂಡರೂ ಭಾರ ಅನಿಸದು. ಒಂದು ಚಾರ್ಜ್‌ಗೆ 1550 ಫೋಟೊ ಅಂತ ಅಳತೆ ಮಾಡಿದ್ದಾರೆ, ಈ ಲೆಕ್ಕದಲ್ಲಿ ಎಷ್ಟೋ ದುಬಾರಿ ಕ್ಯಾಮೆರಾಗಳು ಇದರ ಹಿಂದೆ. ಸೆನ್ಸರ್ ಅಂತೂ ತನ್ನ ಕಾಲದ ದುಬಾರಿ ಎಪಿಎಸ್-ಸಿ (ಇದೇ ಅಳತೆಯ ಸೆನ್ಸರ್‌ನ) ಬಾಡಿಗಳಿಗೆ ಹೆಗಲೆಣೆಯಾಗಿ ನಿಲ್ಲುತ್ತದೆ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಇಡುವ ಫೈಲ್) ತೆಗೆದು ನೆರಳಿನ ಭಾಗವನ್ನು ಮೇಲೆತ್ತಿದರೆ ಕತ್ತಲಲ್ಲಿ ಕಳೆದುಹೋದ ಮುಖಗಳೂ ಹಿಂದಕ್ಕೆ ಬರುತ್ತವೆ. ಕಂಪನಿಗಳು ಹಣ ಉಳಿಸುವುದು ಸೆನ್ಸರ್‌ನಲ್ಲಿ ಅಲ್ಲ, ಕೈ ಮತ್ತು ಕಣ್ಣು ತಾಗುವ ಕಡೆ. ವಿಮರ್ಶೆಗಳು ಅಳೆಯುವುದು ಮಾತ್ರ ಸೆನ್ಸರ್ ಒಂದನ್ನೇ. ಅದಕ್ಕೇ ಪ್ರತಿಯೊಂದಕ್ಕೂ ಐದಕ್ಕೆ ನಾಲ್ಕೂವರೆ ನಕ್ಷತ್ರ ಸಿಗುತ್ತದೆ.

ಇದರಿಂದಲೇ ನನ್ನ ಸಲಹೆ ಏನೆಂದರೆ, ಗಂಭೀರವಾಗಿ ಕಲಿಯಬೇಕು ಅನ್ನುವವರು ಹೊಸ ಅಗ್ಗದ ಕ್ಯಾಮೆರಾಗಿಂತ ಮುಂಚೆ ಹಳೆಯ ಮಧ್ಯಮ ದರ್ಜೆಯ ಬಾಡಿಯನ್ನು ನೋಡಬೇಕು. ನಿಕಾನ್ ಡಿ7200 ಇದೆ, 2015ರದು. ಗಾಜಿನ ಪ್ರಿಸಂ, ಶೇ 100 ನೋಟ, ಎರಡು ಡಯಲ್, ಒಳಗೇ ಫೋಕಸ್ ಮೋಟಾರ್, 51 ಫೋಕಸ್ ಪಾಯಿಂಟ್, ಎರಡು ಕಾರ್ಡ್ ಜಾಗ. ಕ್ಯಾನನ್ 80ಡಿ 2016ರದು. ಇವು ಮಾರುಕಟ್ಟೆಗೆ ಬಂದಾಗ ಕೈಗೆಟುಕುವ ಸಾಲಿನಲ್ಲಿ ಇರಲಿಲ್ಲ, ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಇವೆ. ಭಾರ ಜಾಸ್ತಿ, ಅದು ನಿಜ. ಪತ್ರಿಕೆಗಳು ಹೊಸದನ್ನು ಮಾತ್ರ ವಿಮರ್ಶೆ ಮಾಡುವುದರಿಂದ ಈ ದಾರಿ ಇದೆ ಅಂತಲೇ ಓದುಗರಿಗೆ ಗೊತ್ತಾಗುವುದಿಲ್ಲ.

ಹಳೆಯದು ಕೊಳ್ಳುವಾಗ ಸ್ವಲ್ಪ ಪರೀಕ್ಷೆ ಮಾಡಬೇಕು, ಕಷ್ಟದ ಕೆಲಸವೇನಲ್ಲ. ಶಟರ್ ಎಷ್ಟು ಸಲ ಬಡಿದಿದೆ ಅಂತ ಕೇಳಿ. ಡಿ7200ರ ಶಟರನ್ನು 1,50,000 ಸಲಕ್ಕೆ, 80ಡಿಯದನ್ನು 1,00,000 ಸಲಕ್ಕೆ ಪರೀಕ್ಷಿಸಿದ್ದಾರೆ. ಅಲ್ಲಿಗೇ ನಿಂತುಹೋಗುತ್ತದೆ ಅಂತಲ್ಲ, ಆದರೆ ಅದರ ಹತ್ತಿರ ಬಂದಿದ್ದರೆ ಬೆಲೆ ಇಳಿಸಿ ಕೇಳಬಹುದು. ನಿಕಾನ್‌ನಲ್ಲಿ ಈ ಸಂಖ್ಯೆ ಫೋಟೊ ಫೈಲ್‌ನೊಳಗೇ ಇರುತ್ತದೆ, ಹೊಸದಾಗಿ ತೆಗೆದ ಒಂದು ಫೋಟೊ ಕಳಿಸಿ ಅಂದರೆ ಸಾಕು. ಆಮೇಲೆ ಅಪರ್ಚರ್ ಎಫ್ 22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬರೀ ಆಕಾಶದ ಅಥವಾ ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳು ಒರೆಸಿದರೆ ಹೋಗುತ್ತದೆ, ಗೀರು ಹೋಗುವುದಿಲ್ಲ. ಲೆನ್ಸ್ ಬಿಚ್ಚಿ ಅಪರ್ಚರ್ ತೆರೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಬೇರಿನ ಹಾಗೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬಂದ ಮೇಲೆ ಡಿಎಸ್‌ಎಲ್‌ಆರ್ ಕೊಳ್ಳುವುದು ಸರಿಯಾ? 2018ರಲ್ಲಿ ನಿಕಾನ್ ಝಡ್ ಮೌಂಟ್, ಕ್ಯಾನನ್ ಆರ್‌ಎಫ್ ಮೌಂಟ್ ತಂದ ಮೇಲೆ ಎರಡೂ ಕಂಪನಿಗಳ ಗಮನ ಅತ್ತ ಹೋಗಿದೆ. ಡಿಎಸ್‌ಎಲ್‌ಆರ್‌ಗೆ ಹೊಸ ಲೆನ್ಸ್ ಬರುತ್ತವೆ ಅಂತ ಕಾಯುವುದು ಬೇಡ. ವಿಡಿಯೊ ಮುಖ್ಯ ಅನ್ನುವವರು, ಕಣ್ಣನ್ನೇ ಹುಡುಕಿ ಹಿಡಿಯುವ ಫೋಕಸ್ ಬೇಕು ಅನ್ನುವವರು ಮಿರರ್‌ಲೆಸ್‌ಗೇ ಹೋಗಲಿ, ನನ್ನ ಅಡ್ಡಿಯಿಲ್ಲ. ಆದರೆ ಸ್ಟಿಲ್ ಫೋಟೊಗೆ, ಕಡಿಮೆ ಹಣದಲ್ಲಿ, ಬ್ಯಾಟರಿಯ ಚಿಂತೆ ಇಲ್ಲದೆ ಕಲಿಯಲು ಡಿಎಸ್‌ಎಲ್‌ಆರ್ ಇಂದಿಗೂ ಒಳ್ಳೆಯ ದಾರಿ. ಎಲ್ಲರೂ ಬಿಟ್ಟು ಹೋಗುತ್ತಿರುವುದರಿಂದಲೇ ಒಳ್ಳೆಯ ಲೆನ್ಸ್‌ಗಳು ಅಗ್ಗವಾಗಿ ಸಿಗುತ್ತಿವೆ. ಅವು ವ್ಯರ್ಥವೂ ಅಲ್ಲ. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಚೆನ್ನಾಗಿ ನಡೆಯುತ್ತವೆ. ಒಳಗೇ ಮೋಟಾರ್ ಇರುವ ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳೂ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಹಾಗೇ. ಮುಂದೊಂದು ದಿನ ಬಾಡಿ ಬದಲಿಸಿದರೂ ಲೆನ್ಸ್ ಜೊತೆಗೆ ಬರುತ್ತದೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಕ್ಯಾಮೆರಾ ವಿಮರ್ಶೆಯ ಪ್ರತಿ ಫೋಟೊ ಕೆಳಗೆ ಲೆನ್ಸ್ ಹೆಸರು, ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಹಾಕಿಸಿ. ಒಂದು ಫೋಟೊ ಆದರೂ ರಾತ್ರಿ ಮನೆಯೊಳಗೆ, ಕಿಟ್ ಲೆನ್ಸ್‌ನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದದ್ದು ಇರಲಿ. ಚೆನ್ನಾಗಿ ಬರದಿದ್ದರೂ ಹಾಗೇ ಪ್ರಕಟಿಸಿ. ಮತ್ತೆ, ವಿಮರ್ಶೆಗೆ ಬಂದ ಕ್ಯಾಮೆರಾವನ್ನು ವಾರದಲ್ಲಿ ವಾಪಸ್ ಕಳಿಸುವ ಪದ್ಧತಿ ಇದೆಯಲ್ಲ, ಅದರಲ್ಲಿ ಹಿಡಿತದ ರಬ್ಬರ್ ಸಡಿಲವಾಗುತ್ತದಾ, ಡಯಲ್ ಜಾರುತ್ತದಾ, ಸೆನ್ಸರ್ ಮೇಲೆ ಎಷ್ಟು ಧೂಳು ಕೂರುತ್ತದೆ ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಡಿ3500ರಲ್ಲಿ ಸೆನ್ಸರನ್ನು ತಾನಾಗಿ ಅಲುಗಿಸಿ ಧೂಳು ಕೊಡವುವ ವ್ಯವಸ್ಥೆ ಇಲ್ಲ. ಮೇಲಾಗಿ ಲೆನ್ಸ್ ಬದಲಿಸುತ್ತಾ ಹೋದ ಹಾಗೆ ತಾನೇ ಧೂಳು ಸೇರುವುದು? ವಾರದ ವಿಮರ್ಶೆಯಲ್ಲಿ ಇದು ಬರುವುದೇ ಇಲ್ಲ. ಆರು ತಿಂಗಳು ಅದೇ ಕ್ಯಾಮೆರಾ ಬಳಸಿದ ಓದುಗರೊಬ್ಬರನ್ನು ಹುಡುಕಿ, ಅವರ ಕೈಯಲ್ಲಿ ಅರ್ಧ ಪುಟ ಬರೆಸಿ.

ಇಂತಿ,
ನಿಮ್ಮ ಓದುಗ